ಕಾವಲುಗಾರನ ಮನೆಯಲ್ಲೇ ಅಡಗುವ ಕಂದು ರೋಗ

ಚಳ್ಳಕೆರೆ ಕಂಬಳಿಗೆ, ಮೊಳಕಾಲ್ಮುರು ರೇಷ್ಮೆ ಸೀರೆಗೆ ಹೆಸರಾದ ಊರುಗಳು. ಚಿತ್ರದುರ್ಗ ಜಿಲ್ಲೆಯ ಈ ಎರಡೂ ತಾಲ್ಲೂಕುಗಳಲ್ಲಿ ಮಳೆ ಕೈಕೊಟ್ಟ ವರ್ಷ ಅನೇಕ ಕುಟುಂಬಗಳ ಕೈಹಿಡಿಯುವುದು ಕುರಿ. ಆದರೆ ಕುರಿ ಕಂದು ಹಾಕಿದಾಗ ಬರಿಗೈಯಲ್ಲಿ ಮಾಸು ತೆಗೆಯುವವರಿಗೆ, ಹಸಿ ಹಾಲು ಕುಡಿಯುವವರಿಗೆ ಅದೇ ರೊಪ್ಪದಿಂದ ಬ್ರುಸೆಲ್ಲೋಸಿಸ್ ಅಂಟಬಹುದು. ಪಶುವೈದ್ಯರು ಕಂದು ರೋಗವೆಂದು ಕರೆಯುವ ಈ ಸೋಂಕು, ಮನುಷ್ಯನ ದೇಹದಲ್ಲಿ ರಕ್ತ ಹುಟ್ಟುವ ಜಾಗದಲ್ಲೇ ಬೀಡುಬಿಡುತ್ತದೆ.

ರಕ್ತಕಣಗಳ ತವರು ಮೂಳೆಯೊಳಗಿನ ಮಜ್ಜೆ. ವಯಸ್ಕರಲ್ಲಿ ಬೆನ್ನುಮೂಳೆ, ಸೊಂಟ, ಎದೆಮೂಳೆ ಹಾಗೂ ಪಕ್ಕೆಲುಬುಗಳಲ್ಲಿ ಈ ಉತ್ಪಾದನೆ ಹೆಚ್ಚು. ಅಲ್ಲಿನ ಆಕರ ಕೋಶಗಳೇ ಕವಲೊಡೆದು ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್‌ಗಳಾಗುತ್ತವೆ. ದಿನಕ್ಕೆ ಸುಮಾರು 20 ಸಾವಿರ ಕೋಟಿ ಕೆಂಪು ಕಣಗಳು ಸಿದ್ಧವಾಗುತ್ತವೆ; ಒಂದೊಂದರ ಆಯುಸ್ಸು ಸುಮಾರು 120 ದಿನ.

ಬಿಳಿ ಕಣಗಳದು ಕಾವಲಿನ ಕೆಲಸ. ಗಾಯವಾದೊಡನೆ ಮೊದಲು ಧಾವಿಸುವುದು ನ್ಯೂಟ್ರೋಫಿಲ್. ಲಿಂಫೋಸೈಟ್‌ಗಳು ವೈರಿಯ ಗುರುತು ಹಿಡಿದು ಪ್ರತಿಕಾಯಗಳನ್ನು ತಯಾರಿಸುತ್ತವೆ. ಮಾನೋಸೈಟ್‌ಗಳು ಅಂಗಾಂಶಗಳನ್ನು ಹೊಕ್ಕು ಮ್ಯಾಕ್ರೋಫೇಜ್‌ಗಳಾಗಿ ಬೆಳೆದು, ಬ್ಯಾಕ್ಟೀರಿಯಾವನ್ನು ನುಂಗಿ, ಒಳಚೀಲದಲ್ಲಿ ಕೂಡಿಟ್ಟು, ಜೀರ್ಣಕ ರಸ ಸುರಿದು ಕೊಲ್ಲುತ್ತವೆ.

ಬ್ರುಸೆಲ್ಲಾದ ಜಾಣತನವಿರುವುದು ಇಲ್ಲಿಯೇ. ಅದರ ಹೊರಕವಚ ಕಾವಲು ಕೋಶಗಳನ್ನು ಅಷ್ಟಾಗಿ ಎಚ್ಚರಿಸುವುದಿಲ್ಲ. ನುಂಗಿದ ಮೇಲೂ ಆ ಚೀಲಕ್ಕೆ ಜೀರ್ಣಕ ರಸ ಸೇರದಂತೆ ತಡೆದು, ಮ್ಯಾಕ್ರೋಫೇಜ್‌ನೊಳಗೇ ಮರಿಹಾಕುತ್ತದೆ. ಕಳ್ಳನು ಕಾವಲುಗಾರನ ಮನೆಯಲ್ಲೇ ಉಂಡು ಮಲಗಿದಂತೆ! ಹೀಗೆ ಯಕೃತ್ತು, ಗುಲ್ಮ, ಮೂಳೆಮಜ್ಜೆಗಳಿಗೆ ಹಬ್ಬುತ್ತದೆ. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ ಇದನ್ನು ಮೊದಲು ಪತ್ತೆಹಚ್ಚಿದ್ದೂ ಮೃತ ಸೈನಿಕರ ಗುಲ್ಮದಲ್ಲಿಯೇ. ಅದು ಮೇಕೆ ಹಾಲಿನಿಂದ ಬರುತ್ತದೆಂದು ತಿಳಿಯಲು 1905ರವರೆಗೆ ಕಾಯಬೇಕಾಯಿತು.

ರೋಗಿಗೆ ಜ್ವರ ಬಿಟ್ಟುಬಿಟ್ಟು ಬರುತ್ತದೆ; ಬೆವರು, ಕೀಲುನೋವು, ಸೊಂಟನೋವು, ನಿತ್ರಾಣ ವಾರಗಟ್ಟಲೆ ಕಾಡುತ್ತವೆ. ಸಾಮಾನ್ಯ ರಕ್ತಪರೀಕ್ಷೆ ಇಲ್ಲಿ ದಾರಿ ತಪ್ಪಿಸಬಲ್ಲದು. ಅನೇಕ ಬ್ಯಾಕ್ಟೀರಿಯಾ ಸೋಂಕುಗಳಲ್ಲಿ ಏರುವ ಬಿಳಿ ಕಣಗಳ ಸಂಖ್ಯೆ ಇದರಲ್ಲಿ ಎಷ್ಟೋ ಸಲ ಏರುವುದೇ ಇಲ್ಲ, ಇಳಿಯುವುದೂ ಉಂಟು. ಆಗ ಟೈಫಾಯ್ಡ್, ಮಲೇರಿಯಾ, ಕ್ಷಯವೆಂದು ಚಿಕಿತ್ಸೆ ನಡೆಯುವ ಅಪಾಯವಿದೆ. ಪ್ರತಿಕಾಯ ಗುರುತಿಸುವ ರೋಸ್ ಬೆಂಗಾಲ್ ಪರೀಕ್ಷೆ ಸರಳವೇ, ಆದರೆ ವೈದ್ಯರಿಗೆ ಅನುಮಾನ ಬಂದರೆ ಮಾತ್ರ ಅದು ನಡೆಯುತ್ತದೆ. ಆದ್ದರಿಂದ ಮನೆಯಲ್ಲಿ ಕುರಿಗಳಿವೆ ಎಂಬ ಒಂದು ಮಾತನ್ನು ರೋಗಿ ಹೇಳುವುದು, ವೈದ್ಯರು ಕೇಳುವುದು ಬಹಳ ಮುಖ್ಯ.

ಚಿಕಿತ್ಸೆ ದೀರ್ಘವಾದುದು. ಕೋಶದೊಳಗೆ ಅವಿತ ವೈರಿಯನ್ನು ತಲುಪಲು ಡಾಕ್ಸಿಸೈಕ್ಲಿನ್ ಜೊತೆ ರಿಫಾಂಪಿಸಿನ್ ಮುಂತಾದ ಇನ್ನೊಂದು ಔಷಧವನ್ನು ಸಾಮಾನ್ಯವಾಗಿ 6 ವಾರ ಕೊಡುತ್ತಾರೆ. ಜ್ವರ ಇಳಿಯಿತೆಂದು ನಡುವೆ ಬಿಟ್ಟರೆ ರೋಗ ಮರುಕಳಿಸಬಹುದು. ಮನುಷ್ಯರಿಗೆ ಬಳಸುವ ಲಸಿಕೆ ಭಾರತದಲ್ಲಿಲ್ಲ. ಹಾಲು ಕುದಿಸುವುದು, ಕೈಗವಸು ಧರಿಸುವುದು, ಮಾಸನ್ನು ಆಳವಾಗಿ ಹೂಳುವುದು ಇವೇ ರಕ್ಷಣೆ. ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ ಕಂದು ರೋಗ ಲಸಿಕಾ ಕಾರ್ಯಕ್ರಮದ ಗುರಿ 4ರಿಂದ 8 ತಿಂಗಳ ಹಸು, ಎಮ್ಮೆಗಳ ಹೆಣ್ಣುಕರುಗಳು, ಕುರಿಮರಿಗಳಲ್ಲ.