ಮನೆಗಿಂತ ಮೊದಲು ಕೌಂಟಿ

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡಿಗರು ಮನೆ ಕೊಳ್ಳಲು ಹೊರಟಾಗ ಮೊದಲು ವಿಚಾರಿಸುವುದು ಶಾಲೆಯನ್ನು, ಅನಂತರ ಬೆಲೆ ಹಾಗೂ ಕಚೇರಿಯ ದೂರವನ್ನು. ಮನೆ ಯಾವ ಕೌಂಟಿಗೆ ಸೇರಿದೆ ಎಂಬ ಪ್ರಶ್ನೆ ಏಳುವುದೇ ಅಪರೂಪ.

ಕೌಂಟಿಯೆಂದರೆ ಜಿಲ್ಲೆ ಎಂದು ನಾವು ಸುಲಭವಾಗಿ ಅನುವಾದಿಸಿಬಿಡುತ್ತೇವೆ. ಆದರೆ ನಮ್ಮ ಜಿಲ್ಲಾಧಿಕಾರಿಯನ್ನು ಸರ್ಕಾರ ನೇಮಿಸುತ್ತದೆ. ಅಲ್ಲಿ ಕೌಂಟಿಯ ಆಡಳಿತ ಮಂಡಳಿಯನ್ನೂ ಶೆರಿಫನನ್ನೂ ಮತದಾರರೇ ಆರಿಸುತ್ತಾರೆ. ರಾಜ್ಯದ 58 ಕೌಂಟಿಗಳಲ್ಲಿ ಲಾಸ್ ಏಂಜಲೀಸ್‌ನ ಜನಸಂಖ್ಯೆ ಒಂದು ಕೋಟಿಯ ಆಸುಪಾಸು. ಆಲ್ಪೈನ್‌ನದು ಒಂದೂವರೆ ಸಾವಿರವನ್ನೂ ಮುಟ್ಟುವುದಿಲ್ಲ. ಎರಡಕ್ಕೂ ಹೊಣೆಗಾರಿಕೆ ಮಾತ್ರ ಹೆಚ್ಚುಕಡಿಮೆ ಒಂದೇ.

ತೆರಿಗೆಯ ಲೆಕ್ಕಾಚಾರದಿಂದ ಕೌಂಟಿ ಆರಿಸುವವರಿಗೆ ಹೆಚ್ಚಿನ ಲಾಭವಿಲ್ಲ. 1978ರ ಜನಮತದ ಫಲವಾಗಿ ಮೂಲ ಆಸ್ತಿ ತೆರಿಗೆ ರಾಜ್ಯದಾದ್ಯಂತ ಶೇ 1ಕ್ಕೆ ಸೀಮಿತವಾಗಿದೆ. ವ್ಯತ್ಯಾಸವಿರುವುದು ಬೇರೆಡೆ. 2020ರ ಮಾರ್ಚ್ 16ರಂದು ಸಾಂತಾ ಕ್ಲಾರಾ, ಅಲಮೀಡಾ ಸೇರಿದಂತೆ ಆರು ಕೌಂಟಿಗಳ ಆರೋಗ್ಯಾಧಿಕಾರಿಗಳು ಜನರು ಮನೆಯಲ್ಲೇ ಇರಬೇಕೆಂದು ಆದೇಶಿಸಿದರು. ರಾಜ್ಯ ಸರ್ಕಾರ ಅಂಥದೇ ಆದೇಶ ಹೊರಡಿಸಿದ್ದು ಮೂರು ದಿನಗಳ ಬಳಿಕ. ಸಾಂತಾ ಕ್ಲಾರಾದ ಬೆಲೆ ನಿಲುಕದೆ ಆಲ್ಟಮಾಂಟ್ ಬೆಟ್ಟಸಾಲಿನಾಚೆಯ ಟ್ರೇಸಿ, ಮೌಂಟನ್ ಹೌಸ್‌ಗಳಿಗೆ ಹೋದವರು ಆಗ ಸ್ಯಾನ್ ವಾಕೀನ್ ಕೌಂಟಿಯ ನಿವಾಸಿಗಳು. ಈ ಮೊದಲ ಆದೇಶ ಅವರಿಗೆ ಅನ್ವಯಿಸಲಿಲ್ಲ. ದೂರದ ಪ್ರಯಾಣವನ್ನು ಎಣಿಸಿದ್ದ ಅವರು ಇದನ್ನು ಎಣಿಸಿರಲಾರರು.

ಆಸ್ಪತ್ರೆಯ ವಿಷಯವಂತೂ ಇನ್ನೂ ಗಂಭೀರ. ದಿವಾಳಿಯಾಗಿದ್ದ ಖಾಸಗಿ ಸಂಸ್ಥೆಯೊಂದರ ಎರಡು ಆಸ್ಪತ್ರೆಗಳನ್ನು ಸಾಂತಾ ಕ್ಲಾರಾ ಕೌಂಟಿ 2019ರಲ್ಲಿ ಕೊಂಡುಕೊಂಡಿತು, 2025ರಲ್ಲಿ ಮತ್ತೊಂದನ್ನು. ಅದೇ ರಾಜ್ಯದ ಮಡೇರಾ ಕೌಂಟಿಯಲ್ಲಿ ವಯಸ್ಕರಿಗಿದ್ದ ಏಕೈಕ ಸಾರ್ವತ್ರಿಕ ಆಸ್ಪತ್ರೆ 2023ರ ಆರಂಭದಲ್ಲಿ ಮುಚ್ಚಿಹೋಯಿತು. 2025ರಲ್ಲಿ ಅದು ಪುನಃ ತೆರೆಯುವವರೆಗೆ ಅಲ್ಲಿನ ರೋಗಿಗಳು ಫ್ರೆಸ್ನೊ ಅಥವಾ ಮರ್ಸೆಡ್ ಸೇರಬೇಕಿತ್ತು. ಊರಿನಿಂದ ಬಂದ ವಯೋವೃದ್ಧ ತಂದೆತಾಯಿ ಆರು ತಿಂಗಳು ತಂಗುವ ಮನೆಗೆ ಇದು ಸಣ್ಣ ಮಾತಲ್ಲ.

ವೀಸಾ ಮೇಲಿರುವವರು ತೆರಿಗೆ ಕಟ್ಟಿದರೂ ಮಂಡಳಿಗೆ ಮತ ಹಾಕುವಂತಿಲ್ಲ. ಎಲ್ಲಿ ವಾಸಿಸಬೇಕೆಂಬ ಆಯ್ಕೆಯೊಂದೇ ಅವರ ಮತ. ಮಂಡಳಿಯ ಸಭೆಗಳು ಸಾರ್ವಜನಿಕರಿಗೆ ಮುಕ್ತ. ಹತ್ತಿರದ ತುರ್ತು ಚಿಕಿತ್ಸಾ ಘಟಕ ಎಷ್ಟು ಮೈಲಿ, ಅದನ್ನು ನಡೆಸುವವರು ಯಾರು ಎಂಬುದನ್ನು ಮುಂಗಡ ಕೊಡುವ ಮುನ್ನ ತಿಳಿಯಲು ಒಂದು ಸಂಜೆ ಸಾಕು.