ಟಗರು, ಗಿಳಿ, ಹೆಜ್ಜಾರ್ಲೆ: ಮನಸ್ಸಿಗೆ ಜೊತೆ ಯಾರು?

ಮಳವಳ್ಳಿ ತಾಲ್ಲೂಕಿನ ಬಂಡೂರು ಊರಿನ ಹೆಸರು ಹೊತ್ತ ಕುರಿಯನ್ನು ನಾಡಿಗೆಲ್ಲ ಪರಿಚಯಿಸಿದ್ದು ಅದರ ಮಾಂಸದ ರುಚಿ. ಗಿಡ್ಡ ಕಾಲು, ತುಂಬಿದ ಮೈ, ಕೊಂಬಿಲ್ಲದ ತಲೆ, ಬೆಳ್ಳನೆಯ ಉಣ್ಣೆ. ಕೆಲವಕ್ಕೆ ಮುಖದ ಮೇಲೆ ತಿಳಿಗಂದು ಛಾಯೆ. ಸಂತೆಯಲ್ಲಿ ಅದನ್ನು ತೂಗಿ ನೋಡುವವರೇ ಹೆಚ್ಚು. ಆದರೆ ಮಂಡ್ಯ ಸೀಮೆಯ ಮನೆಗಳಲ್ಲಿ ಇದೇ ಕುರಿ ಮಗುವಿನ ಹಾಗೆ ಬೆಳೆಯುವುದೂ ಉಂಟು. ಹೆಸರಿಟ್ಟು ಕೂಗಿದರೆ ಓಡಿ ಬರುತ್ತದೆ. ಶಾಲೆ ಬಿಟ್ಟು ಬಂದ ಹುಡುಗನ ಬೆನ್ನು ಹತ್ತಿ ಹೊಲದ ಬದುವಿನವರೆಗೂ ಹೋಗುತ್ತದೆ. ಒಂಟಿಯಾಗಿ ಉಳಿದ ಅಜ್ಜಿ ಬೆಳಗ್ಗೆ ಎದ್ದು ಮೊದಲು ಮಾತನಾಡಿಸುವುದು ಕೊಟ್ಟಿಗೆಯ ಈ ಜೀವವನ್ನೇ.

ಇಂಥ ನಂಟಿಗೆ ಅಮೆರಿಕದಲ್ಲಿ ವೈದ್ಯರು ಪತ್ರ ಬರೆದುಕೊಡುತ್ತಾರೆ. ಆತಂಕ, ಖಿನ್ನತೆ ಇರುವವರಿಗೆ ಈ ಪ್ರಾಣಿ ಹತ್ತಿರವಿದ್ದರೆ ನೆಮ್ಮದಿ ಎಂಬುದು ಪತ್ರದ ಸಾರ. ಭಾವನಾತ್ಮಕ ಆಸರೆಯ ಪ್ರಾಣಿ ಎಂದು ಅದಕ್ಕೆ ಹೆಸರು. ನಾಯಿ ಬೆಕ್ಕುಗಳಿಂದ ಶುರುವಾದದ್ದು ಹಂದಿ, ಬಾತುಕೋಳಿ, ನವಿಲಿನವರೆಗೂ ಹೋಯಿತು. 2018ರ ಜನವರಿಯಲ್ಲಿ ನ್ಯೂವಾರ್ಕ್ ವಿಮಾನ ನಿಲ್ದಾಣಕ್ಕೆ ಮಹಿಳೆಯೊಬ್ಬರು ಡೆಕ್ಸ್ಟರ್ ಎಂಬ ನವಿಲನ್ನು ಕರೆತಂದಾಗ ಯುನೈಟೆಡ್ ಏರ್‌ಲೈನ್ಸ್ ಹತ್ತಿಸಿಕೊಳ್ಳಲಿಲ್ಲ. 2020ರ ಡಿಸೆಂಬರಿನಲ್ಲಿ ಅಲ್ಲಿನ ಸಾರಿಗೆ ಇಲಾಖೆ ನಿಯಮವನ್ನೇ ಬದಲಿಸಿತು: ವಿಮಾನದಲ್ಲಿ ಸೇವಾ ಪ್ರಾಣಿ ಎಂದರೆ ತರಬೇತಿ ಪಡೆದ ನಾಯಿ ಮಾತ್ರ, ಉಳಿದವುಗಳನ್ನು ಸಾಮಾನ್ಯ ಸಾಕುಪ್ರಾಣಿಗಳಂತೆ ನೋಡಬಹುದು. ನಮ್ಮ ದೇಶದಲ್ಲಿ ಇಂಥ ಪ್ರಾಣಿಗಳಿಗೆಂದೇ ಪ್ರತ್ಯೇಕ ಕಾನೂನಿಲ್ಲ. ಆದರೆ ಯಾವುದನ್ನು ಸಾಕಬಾರದು ಎಂಬ ಕಾನೂನು ಮಾತ್ರ ಗಟ್ಟಿಯಾಗಿಯೇ ಇದೆ.

ನಾಯಿ ಬೆಕ್ಕಲ್ಲದ ಪ್ರಾಣಿಯಿಂದ ಮನಸ್ಸಿಗೆ ನಿಜಕ್ಕೂ ಹಿತವಾಗುತ್ತದೆಯೇ? ಆಗುತ್ತದೆ ಎನ್ನುವುದಕ್ಕೆ ಆಧಾರ ಹಳೆಯದು. 1796ರಲ್ಲಿ ಇಂಗ್ಲೆಂಡಿನ ಯಾರ್ಕ್‌ನಲ್ಲಿ ಮನೋರೋಗಿಗಳಿಗಾಗಿ ತೆರೆದ ‘ರಿಟ್ರೀಟ್’ ಎಂಬ ಆಸ್ಪತ್ರೆಯ ಅಂಗಳದಲ್ಲಿ ಮೊಲ, ಕೋಳಿ, ಕಡಲಹಕ್ಕಿ, ಗಿಡುಗಗಳನ್ನು ಬಿಟ್ಟಿದ್ದರು. ರೋಗಿಗಳನ್ನು ಸರಪಳಿಯಲ್ಲಿ ಕಟ್ಟಿಹಾಕುತ್ತಿದ್ದ ಕಾಲವದು. ಇತ್ತೀಚಿನ ಉದಾಹರಣೆ ಇನ್ನೂ ಸೋಜಿಗದ್ದು. 2016ರಲ್ಲಿ ಪ್ರಕಟವಾದ ದಕ್ಷಿಣ ಕೊರಿಯಾದ ಅಧ್ಯಯನವೊಂದರಲ್ಲಿ ವಯಸ್ಸಾದವರ ಕೈಗೆ ಪಂಜರದಲ್ಲಿ ಐದು ಜೀರುಂಡೆ ಕೊಟ್ಟು ಎಂಟು ವಾರ ಸಾಕಲು ಹೇಳಿದರು. ಅವರ ಖಿನ್ನತೆ ಸ್ವಲ್ಪ ಇಳಿದಿತ್ತು. ಸ್ವಲ್ಪವೇ, ಆದರೂ ಇಳಿದಿತ್ತು.

ಜೀರುಂಡೆ ಮಡಿಲಲ್ಲಿ ಮಲಗುವುದಿಲ್ಲ, ಬಾಲ ಆಡಿಸುವುದೂ ಇಲ್ಲ. ಹಾಗಿದ್ದರೆ ಹಿತ ಬಂದದ್ದು ಎಲ್ಲಿಂದ? ಹೊತ್ತಿಗೆ ಸರಿಯಾಗಿ ಎದ್ದು ಇನ್ನೊಂದು ಜೀವಕ್ಕೆ ಮೇವು ನೀರು ಇಡಬೇಕು, ತನ್ನನ್ನು ನಂಬಿದ್ದು ಒಂದಿದೆ ಎಂಬ ಕರ್ತವ್ಯದಿಂದ ಬಂದಿರಬೇಕು. ಹೌದಾದರೆ ಪ್ರಾಣಿ ಎಷ್ಟು ಅಪರೂಪದ್ದು, ಎಷ್ಟು ದುಬಾರಿಯದು ಎಂಬುದಕ್ಕೆ ಬೆಲೆಯೇ ಇಲ್ಲ. ಹಿತ್ತಿಲ ನಾಟಿಕೋಳಿಯೂ ಸಾಕು.

ಕುರಿಯಂತೂ ಜನ ತಿಳಿದಷ್ಟು ಮಂಕಲ್ಲ. ಕುರಿಗಳು ಐವತ್ತು ಕುರಿಗಳ ಮುಖವನ್ನು ಎರಡು ವರ್ಷಕ್ಕೂ ಹೆಚ್ಚು ಕಾಲ ನೆನಪಿಡಬಲ್ಲವು ಎಂದು ಇಂಗ್ಲೆಂಡಿನ ವಿಜ್ಞಾನಿಗಳು 2001ರಲ್ಲಿ ತೋರಿಸಿಕೊಟ್ಟರು. ಸಾಕಿದವರ ಮುಖವೂ ಅವುಗಳಿಗೆ ಗೊತ್ತು. ಆದರೆ ಕುರಿ ಮಂದೆಯ ಪ್ರಾಣಿ. ಒಂದನ್ನೇ ತಂದು ಗೂಟಕ್ಕೆ ಕಟ್ಟಿದರೆ ಹಗಲೆಲ್ಲ ಅರಚುತ್ತದೆ; ನಮ್ಮ ಒಂಟಿತನ ನೀಗಲೆಂದು ಅದನ್ನು ಒಂಟಿ ಮಾಡಿದಂತಾಗುತ್ತದೆ. ಬಾಟಲಿ ಹಾಲು ಕುಡಿಸಿ ಮುದ್ದಿನಿಂದ ಬೆಳೆಸಿದ ಗಂಡುಮರಿ ಮನುಷ್ಯರ ಅಂಜಿಕೆಯನ್ನೇ ಕಳೆದುಕೊಂಡು, ಬಲಿತ ಮೇಲೆ ಗುಮ್ಮಲು ಬರುವುದುಂಟು. ಮಕ್ಕಳು, ಮುದುಕರಿರುವ ಮನೆಗೆ ಹೆಣ್ಣು ಕುರಿ, ಇಲ್ಲವೇ ಬೀಜ ಒಡೆಸಿದ ಟಗರೇ ಸರಿ.

ಇನ್ನೊಂದು ಮಾತು ಹೇಳಲೇಬೇಕು. ಮಗು ವರ್ಷವೆಲ್ಲ ಸೊಪ್ಪು ತಿನ್ನಿಸಿ ಬೆಳೆಸಿದ ಟಗರು ಮಾರಿಹಬ್ಬದ ದಿನ ಕತ್ತಿಗೆ ಹೋಗುವುದು ಈ ಸೀಮೆಯಲ್ಲಿ ಅಪರೂಪವಲ್ಲ. ದೊಡ್ಡವರಿಗೆ ಅದು ಹರಕೆ, ಮಗುವಿಗೆ ಸಾವು. ಮನೆಯಲ್ಲಿ ಒಬ್ಬರ ಮನಸ್ಸು ಒಂದು ಪ್ರಾಣಿಯನ್ನು ಆತುಕೊಂಡಿದ್ದರೆ ಅದು ಮಾರಾಟಕ್ಕೂ ಹಬ್ಬಕ್ಕೂ ಅಲ್ಲವೆಂದು ಮೊದಲ ದಿನವೇ ಎಲ್ಲರೂ ಕೂತು ತೀರ್ಮಾನಿಸಬೇಕು. ಅದು ಆಗದಿದ್ದರೆ ಕೊಡದಿರುವುದೇ ಮೇಲು.

ಗಿಳಿ ಮತ್ತು ಆಮೆಯ ವಿಷಯ ಬೇರೆ. ಪಂಜರದ ಹಸಿರು ಗಿಳಿ ಎಷ್ಟೋ ಮನೆಗಳ ಜಗಲಿಯಲ್ಲಿ ತಲೆಮಾರುಗಳಿಂದ ಮಾತನಾಡುತ್ತಾ ಬಂದಿದೆ, ನಿಜ. ಆದರೆ ನಮ್ಮ ಕಾಡುಗಿಳಿ, ಮೈನಾ, ಮುನಿಯಗಳನ್ನು ಹಿಡಿದು ಸಾಕುವುದಕ್ಕೂ ಮಾರುವುದಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತಡೆ ಇದೆ. ಮನೆಯಲ್ಲಿದ್ದರೆ ಅದೃಷ್ಟ ಎಂದು ಕೆಲವರು ಕದ್ದು ಕೊಳ್ಳುವ ನಕ್ಷತ್ರ ಆಮೆ 2022ರ ತಿದ್ದುಪಡಿಯ ನಂತರ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ; ಇಟ್ಟುಕೊಂಡು ಸಿಕ್ಕಿಬಿದ್ದರೆ ಮೂರರಿಂದ ಏಳು ವರ್ಷ ಜೈಲು. ಆಫ್ರಿಕನ್ ಗ್ರೇ ಗಿಳಿ, ಇಗ್ವಾನಾದಂಥ ಕೆಲವು ವಿದೇಶಿ ಪ್ರಾಣಿಗಳನ್ನು 2024ರ ನಿಯಮದಂತೆ ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸಬೇಕು. ಕಾನೂನು ಹಾಗಿರಲಿ, ಗಿಳಿ ಹಿಂಡಿನಲ್ಲಿ ಹಾರುವ ಹಕ್ಕಿ. ಬೇಸರಕ್ಕೆ ತನ್ನ ಗರಿಯನ್ನೇ ಕಿತ್ತುಕೊಳ್ಳುವ ಪಂಜರದ ಗಿಳಿ ಇನ್ನೊಬ್ಬರ ಬೇಸರ ಕಳೆಯುತ್ತದೆ ಎಂದು ನಂಬುವುದು ಕಷ್ಟ. ರೋಗದ ಭಯವೂ ಇದೆ: ಆಮೆಯಿಂದ ಸಾಲ್ಮೊನೆಲ್ಲಾ ಹರಡುತ್ತದೆಂದು ಅಮೆರಿಕ 1975ರಲ್ಲೇ ಪುಟ್ಟ ಆಮೆಗಳ ಮಾರಾಟವನ್ನು ನಿಷೇಧಿಸಿತು.

ಕಾಡುಹಕ್ಕಿಯ ಮೇಲಿನ ಪ್ರೀತಿಗೆ ಪಂಜರವೇ ಬೇಕಿಲ್ಲ ಎಂಬುದನ್ನು ಕಾಣಲು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಬೇಕು. ಶಿಂಷಾ ನದಿಯ ಹತ್ತಿರದ ಈ ಊರಿನ ನಡುವಿನ ಹುಣಸೆ, ಆಲ, ಅರಳಿ ಮರಗಳಲ್ಲೇ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ. ಕೆಳಗೆ ಹೆಂಗಸರು ಪಾತ್ರೆ ತೊಳೆಯುತ್ತಿರುತ್ತಾರೆ, ಮೇಲೆ ಮರಿಗಳು ಕೊಕ್ಕು ಬಡಿಯುತ್ತಿರುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದೇ ಊರವರು ಈ ಹಕ್ಕಿಗಳನ್ನು ಕರೆಯುತ್ತಾರೆ. ವಾಸನೆ, ಹಿಕ್ಕೆ, ಹಾಳಾಗುವ ಹುಣಸೆ ಫಸಲು, ಎಲ್ಲವನ್ನೂ ಸಹಿಸಿದ್ದಾರೆ. ಹಿಕ್ಕೆ ಹೊಲಕ್ಕೆ ಗೊಬ್ಬರವಾಗಿದೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ಗಮನಕ್ಕೆ ಬಂದ ಮೇಲೆ ಊರು ಹೊರಗಿನವರಿಗೆ ಪರಿಚಯವಾಯಿತು; 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾಯಿತು. ಗೂಡಿನಿಂದ ಬಿದ್ದ ಹೆಜ್ಜಾರ್ಲೆ ಮರಿಯನ್ನು ಊರಿನ ‘ಹೆಜ್ಜಾರ್ಲೆ ಬಳಗ’ದವರು ಎತ್ತಿ ತಂದು, ಬಲೆ ಕಟ್ಟಿದ ಆವರಣದಲ್ಲಿಟ್ಟು, ಮೀನು ತಿನ್ನಿಸುತ್ತಾರೆ. ರೆಕ್ಕೆ ಬಲಿತ ದಿನ ಬಿಟ್ಟುಬಿಡುತ್ತಾರೆ. ಸಾಕಿದವರ ಮನಸ್ಸು ಕಲಕದೇ ಇರುವುದಿಲ್ಲ. ಆದರೂ ಬಿಡುತ್ತಾರೆ.

ಹೀಗಾಗಿ ನಾಯಿ ಬೆಕ್ಕಲ್ಲದ ಪ್ರಾಣಿ ಮನಸ್ಸಿಗೆ ಆಸರೆಯಾಗಬಹುದೇ ಎಂದರೆ, ಕುರಿ, ಮೇಕೆ, ಕೋಳಿ, ಮೊಲಗಳಂತೆ ಮನುಷ್ಯನೊಡನೆ ಬಾಳಿ ಪಳಗಿದ್ದು ಖಂಡಿತ ಆಗಬಹುದು. ಕಾಡಿನಿಂದ ಕಿತ್ತು ತಂದದ್ದು ಬೇಡ. ಪಳಗಿದ ಪ್ರಾಣಿಯನ್ನೂ ಔಷಧಿಯ ಬದಲಿಗೆ ಇಟ್ಟುಕೊಳ್ಳುವುದು ಬೇಡ. 2015ರಲ್ಲಿ ಮಂಡ್ಯದ ಕಬ್ಬು ಬೆಳೆಗಾರರ ಆತ್ಮಹತ್ಯೆಗಳು ನಾಡನ್ನೇ ನಡುಗಿಸಿದ್ದವು. ಸಾಲ ಮತ್ತು ಬರ ಕುಗ್ಗಿಸಿದ ಮನಸ್ಸಿಗೆ ಕೊಟ್ಟಿಗೆಯ ಪ್ರೀತಿಯ ಜೊತೆಗೆ ವೈದ್ಯರ ನೆರವೂ ಬೇಕು. ನಿದ್ದೆ ಬಾರದೆ, ಬದುಕೇ ಬೇಡವೆನಿಸುವವರು ಮನೆಯಲ್ಲಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲೂ ರಾತ್ರಿಯೂ ತೆರೆದಿರುತ್ತದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತನಾಡಬಹುದು.