ಬಾಣಕ್ಕಿಂತ ಮುಂಚೆ ಸೇರುವ ಸದ್ದು

ಒಲಿಂಪಿಕ್ ಕ್ರೀಡೆಗಳಲ್ಲಿ ಬಿಲ್ಲುಗಾರರು 70 ಮೀಟರು ದೂರದ ಗುರಿಗೆ ಬಾಣ ಬಿಡುತ್ತಾರೆ. ಹತ್ತು ಅಂಕಗಳನ್ನು ತರುವ ನಡುವೃತ್ತದ ವ್ಯಾಸ 12.2 ಸೆಂಟಿಮೀಟರು ಮಾತ್ರ. ಅಮೆರಿಕದ ಕಾಡುಗಳಲ್ಲಾದರೋ, ಬಿಲ್ಲು ಹಿಡಿದು ಜಿಂಕೆಯ ಬೇಟೆಗೆ ಹೊರಡುವ ಹೊಸಬನಿಗೆ ಹಳಬರಲ್ಲಿ ಅನೇಕರು ಹೇಳುವ ಮೊದಲ ಮಾತು ಇದು: “ಸುಮಾರು ಇಪ್ಪತ್ತು ಮೀಟರಿನಾಚೆಗೆ ನಿಂತ ಪ್ರಾಣಿಯ ಮೇಲೆ ಬಾಣ ಬಿಡಬೇಡ.” ಅಲ್ಲಿಯ ಬಿಳಿಬಾಲದ ಜಿಂಕೆಯ ಮರ್ಮಸ್ಥಾನ, ಎಂದರೆ ಹೃದಯ ಮತ್ತು ಶ್ವಾಸಕೋಶಗಳಿರುವ ಎದೆಯ ಭಾಗ, ಸುಮಾರು 20 ಸೆಂಟಿಮೀಟರು ಅಗಲ ಉಂಟು. ಗುರಿ ದೊಡ್ಡದು, ದೂರ ಕಡಿಮೆ. ಆದರೂ ಏಕೆ ಈ ಕಟ್ಟಳೆ? ನಮ್ಮ ವಿದ್ಯಾರ್ಥಿಯೊಬ್ಬನು ಕೇಳಿದ ಈ ಪ್ರಶ್ನೆಗೆ ಉತ್ತರವು ಭೌತವಿಜ್ಞಾನದ ಮೊದಲ ಪಾಠಗಳಲ್ಲಿಯೇ ಅಡಗಿದೆ.

ಬಿಲ್ಲು ಒಂದು ಬಗೆಯ ಸುರುಳಿ ಇದ್ದಂತೆ. ಹೆದೆಯನ್ನು ಎಳೆಯುವಾಗ ನಮ್ಮ ತೋಳು ಮಾಡಿದ ಕೆಲಸವು ಬಾಗಿದ ಬಿಲ್ಲಿನಲ್ಲಿ ಶಕ್ತಿಯಾಗಿ ಕೂಡಿರುತ್ತದೆ. ಪೂರ್ತಿ ಎಳೆದಾಗ 20 ಕಿಲೋಗ್ರಾಮಿನಷ್ಟು ಭಾರ ಬೀಳುವ ಬಿಲ್ಲನ್ನು ಅರ್ಧ ಮೀಟರು ಎಳೆದರೆ ಸುಮಾರು 50 ಜೂಲುಗಳಷ್ಟು ಶಕ್ತಿ ಶೇಖರವಾಗುತ್ತದೆ. ಇದರಲ್ಲಿ ಮುಕ್ಕಾಲು ಪಾಲು 30 ಗ್ರಾಮಿನ ಬಾಣಕ್ಕೆ ಸಂದರೆ ಅದರ ವೇಗ ಸೆಕೆಂಡಿಗೆ 50 ಮೀಟರು. ಬಂದೂಕದ ಗುಂಡಿನಲ್ಲಿ ಸಾವಿರಾರು ಜೂಲುಗಳಿರುತ್ತವೆ. ಅದರ ಮುಂದೆ ಇದು ಅಲ್ಪವೇ ಸರಿ. ಬಾಣವು ಹೊಡೆತದ ಬಲದಿಂದ ಕೊಲ್ಲುವುದಿಲ್ಲ. ಕ್ಷೌರದ ಕತ್ತಿಯಷ್ಟು ಹರಿತವಾದ ಅದರ ಮೊನೆಯು ಶ್ವಾಸಕೋಶವನ್ನು ಸೀಳಿ ರಕ್ತ ಹರಿಸಿ ಕೊಲ್ಲುತ್ತದೆ. ಆದುದರಿಂದ ಬಾಣ ಎಲ್ಲಿ ನಾಟುತ್ತದೆ ಎಂಬುದೇ ಸರ್ವಸ್ವ. ಮರ್ಮಕ್ಕೆ ತಗುಲಿದರೆ ಜಿಂಕೆ ಸ್ವಲ್ಪ ಹೊತ್ತಿನಲ್ಲಿಯೇ ಬೀಳುತ್ತದೆ. ಹೊಟ್ಟೆಗೋ ತೊಡೆಗೋ ತಗುಲಿದರೆ ಓಡಿಹೋಗಿ, ಎಲ್ಲೋ ಪೊದೆಯೊಳಗೆ ಗಂಟೆಗಟ್ಟಲೆ ನರಳಿ ಸಾಯುತ್ತದೆ.

ಈಗ ಲೆಕ್ಕ ಹಾಕೋಣ. 20 ಮೀಟರು ದೂರವನ್ನು ಕ್ರಮಿಸಲು ಈ ಬಾಣಕ್ಕೆ 0.4 ಸೆಕೆಂಡು ಬೇಕು. ಅಷ್ಟರಲ್ಲಿ ಅದು ಹೊರಟ ನೇರದಿಂದ 78 ಸೆಂಟಿಮೀಟರು ಕೆಳಗಿಳಿಯುತ್ತದೆ. ಬಿಲ್ಲುಗಾರನು ಅಭ್ಯಾಸಬಲದಿಂದ ಅಷ್ಟು ಎತ್ತಿ ಗುರಿಯಿಡಬಲ್ಲ. ಆದರೆ 25 ಮೀಟರು ದೂರವನ್ನು 20 ಎಂದು ಭ್ರಮಿಸಿದರೆ ಬಾಣ ಸುಮಾರು 25 ಸೆಂಟಿಮೀಟರು ಕೆಳಗೆ ಹೋಗುತ್ತದೆ, ಮರ್ಮ ತಪ್ಪಿಹೋಯಿತು. ಮೈದಾನದಲ್ಲಿ ದೂರವನ್ನು ಅಳೆದಿಟ್ಟಿರುತ್ತಾರೆ, ಕಾಡಿನಲ್ಲಿ ಅಳೆದಿಟ್ಟವರಾರು?

ಇದಕ್ಕಿಂತ ಸ್ವಾರಸ್ಯವಾದ ತೊಡಕು ಇನ್ನೊಂದುಂಟು. ಹೆದೆ ಚಿಮ್ಮಿದೊಡನೆ ಟಂಕಾರವಾಗುತ್ತದೆಯಷ್ಟೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರು. 20 ಮೀಟರು ದೂರದ ಜಿಂಕೆಯ ಕಿವಿಗೆ ಅದು 0.06 ಸೆಕೆಂಡಿನಲ್ಲಿ ಮುಟ್ಟುತ್ತದೆ; ಬಾಣ ಬರಲು ಇನ್ನೂ 0.34 ಸೆಕೆಂಡು ಇದೆ. ಬೆದರಿದ ಜಿಂಕೆ ನೆಗೆಯುವ ಮುನ್ನ ಕಾಲುಗಳನ್ನು ಮಡಿಸಿ ಮೈಯನ್ನು ಕುಸಿಯುತ್ತದೆ. ಎಚ್ಚೆತ್ತುಕೊಳ್ಳಲು ಅದಕ್ಕೆ 0.2 ಸೆಕೆಂಡು ಹಿಡಿಯುತ್ತದೆಂದೂ, ಆಮೇಲೆ ಅದರ ಮೈ ಬೀಳುವ ಕಲ್ಲಿನಂತೆ ಇಳಿಯುತ್ತದೆಂದೂ ಇಟ್ಟುಕೊಳ್ಳೋಣ. ಉಳಿದ 0.14 ಸೆಕೆಂಡಿನಲ್ಲಿ ಅದು ಸುಮಾರು 10 ಸೆಂಟಿಮೀಟರು ಕುಸಿದಿರುತ್ತದೆ. ಎದೆಯ ನಡುವಿಗೆ ಇಟ್ಟ ಗುರಿ ಸರಿಯಾಗಿ ಮರ್ಮದ ಅಂಚಿಗೆ ಬಂದು ನಿಂತಿತು! 15 ಮೀಟರಿನಲ್ಲಾದರೆ ಕುಸಿತ ಎರಡು ಸೆಂಟಿಮೀಟರನ್ನೂ ಮುಟ್ಟದು. 40 ಮೀಟರಿನಲ್ಲಾದರೆ ಬಾಣಕ್ಕೆ ಮುಂಚೆ ಜಿಂಕೆಗೆ ಸುಮಾರು ಅರ್ಧ ಸೆಕೆಂಡಿನ ಬಿಡುವು ಸಿಕ್ಕುತ್ತದೆ. ಅದು ಅಲ್ಲಿ ಇದ್ದರೆ ತಾನೆ? ಒಲಿಂಪಿಕ್ ಗುರಿಹಲಗೆಗೆ ಕಿವಿಯಿಲ್ಲ, ಕಾಲೂ ಇಲ್ಲ. ವ್ಯತ್ಯಾಸವಿರುವುದು ಇಲ್ಲಿಯೇ.

ಈ ಲೆಕ್ಕವನ್ನು ಕಾಗದದ ಮೇಲೆ ಬರೆಯದೆಯೇ ಬಲ್ಲವರಿದ್ದರು. 1911ರಲ್ಲಿ ಕ್ಯಾಲಿಫೋರ್ನಿಯದ ಓರೊವಿಲ್ ಎಂಬ ಊರಿನ ಬಳಿ ಯಾಹಿ ಜನಾಂಗದ ಕಟ್ಟಕಡೆಯವನೆನ್ನಲಾದ ಇಶಿ ಎಂಬಾತ ಒಬ್ಬಂಟಿಗನಾಗಿ ಕಾಡಿನಿಂದ ಹೊರಬಂದನು. ಶಸ್ತ್ರವೈದ್ಯರಾದ ಸ್ಯಾಕ್ಸ್‌ಟನ್ ಪೋಪ್ ಅವನಿಂದ ಬಿಲ್ವಿದ್ಯೆಯನ್ನು ಕಲಿತರು. 1916ರಲ್ಲಿ ಇಶಿ ಕ್ಷಯದಿಂದ ತೀರಿಕೊಂಡ ಮೇಲೆ, ಬಿಲ್ಲಿನ ಬೇಟೆಯನ್ನು ಕುರಿತು ಪೋಪ್ ಬರೆದ ಪುಸ್ತಕ 1923ರಲ್ಲಿ ಪ್ರಕಟವಾಯಿತು. ಬೇಟೆಯ ಹಿಂದಿನ ದಿನ ಇಶಿ ಮೀನು ತಿನ್ನುತ್ತಿರಲಿಲ್ಲ, ಹೊಗೆಸೊಪ್ಪು ಸೇದುತ್ತಿರಲಿಲ್ಲ. ಮುಂಜಾನೆ ಹೊಳೆಯಲ್ಲಿ ಮಿಂದು ಕಂಪಿನ ಎಲೆಗಳನ್ನು ಮೈಗೆ ತಿಕ್ಕಿಕೊಳ್ಳುತ್ತಿದ್ದನು. ಇದೆಲ್ಲವೂ ಜಿಂಕೆಯ ಮೂಗಿಗೆ ಸಿಕ್ಕದೆ ಸಮೀಪಕ್ಕೆ ಹೋಗುವ ಉಪಾಯ. ಅವನ ವಿದ್ಯೆಯಲ್ಲಿ ಬಾಣ ಬಿಡುವುದಕ್ಕಿಂತ ಹತ್ತಿರ ಸೇರುವುದೇ ದೊಡ್ಡದಾಗಿತ್ತು.

1934ರಲ್ಲಿ ವಿಸ್ಕಾನ್ಸಿನ್ ರಾಜ್ಯವು ಬಿಲ್ಲುಗಾರರಿಗೆಂದೇ ಜಿಂಕೆಯ ಬೇಟೆಗಾಲವನ್ನು ಗೊತ್ತುಮಾಡಿತು. ಮಿಸ್ಸೂರಿಯ ಹೋಲೆಸ್ ಅಲೆನ್ ಎಂಬವರು ರಾಟೆಗಳನ್ನು ಅಳವಡಿಸಿದ ಬಿಲ್ಲಿಗೆ 1969ರಲ್ಲಿ ಪೇಟೆಂಟ್ ಪಡೆದರು. ಈ ಬಗೆಯ ಇಂದಿನ ಬಿಲ್ಲಿನ ಬಾಣ ಸೆಕೆಂಡಿಗೆ 85 ಮೀಟರು ಹೋಗುವುದುಂಟು. ನಮ್ಮ ಲೆಕ್ಕವನ್ನೇ ಅನ್ವಯಿಸಿದರೆ, 20 ಮೀಟರಿನಲ್ಲಿ ಜಿಂಕೆ ಅಲುಗುವ ಮೊದಲೇ ಬಾಣ ತಲುಪಿರುತ್ತದೆ; 40 ಮೀಟರಿನಲ್ಲಿ ಮತ್ತೆ ಅದೇ 10 ಸೆಂಟಿಮೀಟರಿನ ತೊಡಕು. ಯಂತ್ರವು ಗೆರೆಯನ್ನು ದೂರ ಸರಿಸಿತು, ಅಳಿಸಲಿಲ್ಲ.

ಕಲಿಯುವ ಕ್ರಮವೂ ಇದರಿಂದಲೇ ಹುಟ್ಟುತ್ತದೆ. 20 ಮೀಟರಿನಲ್ಲಿ 10 ಸೆಂಟಿಮೀಟರಿನೊಳಗೆ ನಾಟಬೇಕಾದರೆ ಬಾಣದ ದಿಕ್ಕಿನಲ್ಲಿ ಒಂದು ಡಿಗ್ರಿಯ ಮೂರನೆಯ ಒಂದು ಭಾಗದಷ್ಟೂ ತಪ್ಪಬಾರದು. ಆದುದರಿಂದ ಹೊಸಬನು ಹತ್ತು ಹನ್ನೆರಡು ಕಿಲೋಗ್ರಾಮಿನ ಹಗುರವಾದ ಬಿಲ್ಲಿನಿಂದ ತೊಡಗಬೇಕು. ಭಾರವಾದ ಬಿಲ್ಲು ತೋಳನ್ನು ನಡುಗಿಸಿ ಕೆಟ್ಟ ರೂಢಿಯನ್ನು ಕಲಿಸುತ್ತದೆ. ಹೆದೆಯ ಕೈ ಪ್ರತಿ ಸಲವೂ ದವಡೆಯ ಅದೇ ಸ್ಥಳಕ್ಕೆ ಬರಬೇಕು. ಐದಾರು ಮೀಟರಿನಿಂದ ಹುಲ್ಲಿನ ಪಿಂಡಿಗೆ ಹೊಡೆದು, ಬಾಣಗಳು ಒಂದೆಡೆ ಗುಂಪುಗೂಡಿದ ಮೇಲೆಯೇ ಹಿಂದೆ ಸರಿಯಬೇಕು. ಹತ್ತರಲ್ಲಿ ಒಂಬತ್ತು ಬಾಣಗಳು ಮರ್ಮದಷ್ಟಗಲದ ವೃತ್ತದೊಳಗೆ ಬೀಳುವ ದೂರ ಯಾವುದೋ ಅದೇ ಅವನ ಎಲ್ಲೆ. ಅಮೆರಿಕದಲ್ಲಿ ಇದರ ಮೇಲೆ ಪರವಾನಗಿ ಬೇಕು. ಕೆಲವು ರಾಜ್ಯಗಳಲ್ಲಿ ಬಿಲ್ಲಿನ ಬೇಟೆಗೆಂದೇ ಶಿಕ್ಷಣವನ್ನು ಪಡೆದಿರಬೇಕು.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಜಿಂಕೆ, ಕಡವೆಗಳ ಬೇಟೆ ಅಪರಾಧ. ಇಲ್ಲಿ ಬಿಲ್ಲು ಹಿಡಿಯುವವನಿಗೆ ಹುಲ್ಲಿನ ಪಿಂಡಿಯೇ ಗತಿ; ಅದು ಒಳ್ಳೆಯದೇ. ಆದರೆ ಪಾಠ ಎರಡು ಕಡೆಗೂ ಒಂದೇ. ಶಬ್ದವೇಧಿ ವಿದ್ಯೆಯಲ್ಲಿ ಪಳಗಿದ್ದ ದಶರಥನು ಕತ್ತಲಲ್ಲಿ ನೀರಿನ ಸದ್ದನ್ನು ಕೇಳಿ ಬಾಣ ಬಿಟ್ಟನು. ಆನೆಯೆಂದು ಬಗೆದದ್ದು ಋಷಿಕುಮಾರನಾಗಿತ್ತು. ಅವನ ಕೈ ತಪ್ಪಲಿಲ್ಲ, ಗುರಿಯೂ ತಪ್ಪಲಿಲ್ಲ; ಬಿಡಬಹುದೆ ಎಂದು ತನ್ನನ್ನು ಕೇಳಿಕೊಳ್ಳುವುದೊಂದು ತಪ್ಪಿತು. ಹೆದೆಯನ್ನು ಪೂರ್ತಿ ಎಳೆದಮೇಲೂ ಬಾಣ ಬಿಡದೆ ಮೆಲ್ಲನೆ ಇಳಿಸಬಲ್ಲವನೇ ಬಿಲ್ಲುಗಾರ.